ಊಟ ಆಯ್ತಾ, ಒಂಬತ್ತು ಭಾಷೆಯಲ್ಲಿ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ರಾಯರ ಜೊತೆ ನೆಲದಿಂದ ನಾಲ್ಕನೇ ಮಹಡಿಗೆ ಏರುವಷ್ಟರಲ್ಲಿ ನಿಮ್ಮ ಊರು, ಹೋಬಳಿ, ಅಜ್ಜಿಯ ತವರು ಎಲ್ಲ ಹೊರಬಿದ್ದಿರುತ್ತದೆ. ಅವರು ಹೆಸರು ಕೇಳುವುದಿಲ್ಲ, ಕೆಲಸ ಕೇಳುವುದಿಲ್ಲ. "ಯಾವೂರಾಯ್ತು ತಮ್ಮದು?" ಅಷ್ಟೇ. ಊರು ಗೊತ್ತಾದರೆ ಮಾತು ಗೊತ್ತಾಯಿತು, ಮಾತು ಗೊತ್ತಾದರೆ ಮಿಕ್ಕಿದ್ದೆಲ್ಲ ಅವರ ಜವಾಬ್ದಾರಿ. ಕುಂದಾಪುರದ ಕಡೆ ಅಂದಿರೋ, "ಹ್ವಾಯ್!" ಎಂದು ಹೆಗಲ ಮೇಲೆ ಕೈ ಬಿತ್ತು. ಧಾರವಾಡ ಅಂದರೆ "ಊಟಾ ಆತೇನ್ರೀ?" ಕಲಬುರಗಿ ಅಂದರೆ "ಮತ್ತ, ಏನ್ ಮಾಡ್ಲಕತ್ತೀರಿ?" ಮೂರನೇ ಮಹಡಿ ದಾಟುವ ಹೊತ್ತಿಗೆ ನೀವು ಅವರ ಬಾಲ್ಯಸ್ನೇಹಿತರು.

ನಾನು ತುಮಕೂರಿನವನು. ಮೊದಲ ದಿನ ಹಾಗೆಂದಾಗ ಅವರ ಮುಖ ಸಪ್ಪಗಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಓ... ತುಮಕೂರು" ಎಂದು ಲಿಫ್ಟಿನ ಗುಂಡಿಗಳನ್ನು ನೋಡುತ್ತ ನಿಂತರು. ನಮ್ಮ ಕಡೆಯ ಮಾತಿನಲ್ಲಿ ಅವರು ಎತ್ತಿಕೊಂಡು ಆಡಲು ಏನೂ ಸಿಗಲಿಲ್ಲವಂತೆ.

ಇಂಥವರೊಬ್ಬರು ಎಲ್ಲ ಬಡಾವಣೆಯಲ್ಲೂ ಇರುತ್ತಾರೆ. ರೈಲ್ವೆಯವರಾಗಿರಬಹುದು, ಅಂಚೆಯವರಾಗಿರಬಹುದು. ನಮ್ಮವರು ಬ್ಯಾಂಕಿನವರು. ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿಸುವ ನೌಕರಿ. ಹುಬ್ಬಳ್ಳಿ, ಕಲಬುರಗಿ, ಕುಂದಾಪುರ, ಮಂಗಳೂರು, ಕೋಲಾರ, ನಡುವೆ ಸಾಂಗ್ಲಿ, ಸೇಲಂ ಎಂದು ಹನ್ನೊಂದು ಊರು ಸುತ್ತಿ ನಿವೃತ್ತರಾದರು. ಉಳಿದವರು ವರ್ಗವಾದಲ್ಲೆಲ್ಲ ಒಂದೊಂದು ಸೈಟು ಮಾಡಿಕೊಂಡರೆ, ಇವರು ಒಂದೊಂದು ಭಾಷೆ ಮಾಡಿಕೊಂಡರು. ಒಟ್ಟು ಒಂಬತ್ತು: ಕನ್ನಡ, ತುಳು, ಕೊಂಕಣಿ, ಮರಾಠಿ, ತೆಲುಗು, ತಮಿಳು, ಮಲಯಾಳ, ಹಿಂದಿ, ದಖ್ಖನಿ. ಕೊನೆಯ ಎರಡನ್ನು ಒಂದೇ ಎಂದು ಎಣಿಸಿದರೆ ಕೋಪ ಬರುತ್ತದೆ. "ಹಿಂದಿಯಲ್ಲಿ 'ನಕ್ಕೋ' ಇದೆಯೇನ್ರೀ? ಅದು ಮರಾಠಿಯ 'ನಕೋ'ದಿಂದ ಬಂದದ್ದು, ಅದರ ದಾರಿಯೇ ಬೇರೆ" ಎಂದು ಅರ್ಧ ಗಂಟೆ ನಿಲ್ಲಿಸಿಕೊಳ್ಳುತ್ತಾರೆ. ಇಂಗ್ಲಿಷ್ ಲೆಕ್ಕಕ್ಕಿಲ್ಲ. ಅದು ಭಾಷೆಯಲ್ಲ, ಆಫೀಸು.

ಒಂಬತ್ತರಲ್ಲೂ ಅವರಿಗೆ ಕೈವಶವಾಗಿರುವ ವಾಕ್ಯ ಒಂದೇ. "ಒಣಸ್ ಆಂಡಾ?", "ಜೇವಣ ಜಾಲೇಂ?", "ಸಾಪ್ಟೀಂಗಳಾ?", "ಊಣು ಕಳಿಚ್ಚೋ?" ಪಾರ್ಕಿನಲ್ಲಿ ಒಂದು ಸುತ್ತು ಬರುವುದರೊಳಗೆ ಅರ್ಧ ದಕ್ಷಿಣ ಭಾರತದ ಊಟ ವಿಚಾರಿಸಿಬಿಡುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ. ಕೇಳಿಸಿಕೊಂಡವರು ಸಂತೋಷಪಟ್ಟು ತಮ್ಮ ಭಾಷೆಯಲ್ಲಿ ನಾಲ್ಕು ಮಾತು ಮುಂದುವರಿಸುವಷ್ಟರಲ್ಲಿ ರಾಯರು ಹತ್ತು ಹೆಜ್ಜೆ ಮುಂದೆ, ಇನ್ನೊಂದು ಭಾಷೆಯಲ್ಲಿ. ಕೊಂಕಣಿಯವರು ಸಿಕ್ಕರೆ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದಕ್ಕೆ ಇವತ್ತಿಗೂ ಅಭಿನಂದನೆ ಹೇಳುತ್ತಾರೆ. ತುಳುವರು ಸಿಕ್ಕರೆ ಆ 22ರ ಪಟ್ಟಿಯಲ್ಲಿ ತುಳು ಇಲ್ಲದ್ದಕ್ಕೆ ಸಂತಾಪ. ಒಮ್ಮೆ ಇಬ್ಬರೂ ಒಟ್ಟಿಗೇ ಸಿಕ್ಕಾಗ ನಗಬೇಕೋ ಅಳಬೇಕೋ ತಿಳಿಯದೆ ಹವಾಮಾನದ ಬಗ್ಗೆ ಮಾತಾಡಿದರು.

ಭಾಷೆಗಿಂತ ಒಳಭಾಷೆಗಳಲ್ಲಿ ಅಪಾಯ ಹೆಚ್ಚು ಎನ್ನುವುದು ನಾನು ಅವರಿಂದಲೇ ಕಲಿತ ಪಾಠ. ಮದ್ದೂರಿನಿಂದ ನನ್ನ ಭಾವಮೈದುನ ಬಂದಿದ್ದರು. ವಯಸ್ಸಾದ ವಕೀಲರು, ಕರಿಕೋಟು ಕಳಚಿದರೂ ಠೀವಿ ಕಳಚದವರು. ಮಂಡ್ಯ ಜಿಲ್ಲೆ ಎಂದು ಕಿವಿಗೆ ಬಿದ್ದದ್ದೇ ತಡ, ರಾಯರು ಬಾಗಿಲಲ್ಲೇ "ಬಾರ್ಲಾ, ಉಂಡ್ಯೇನ್ಲಾ?" ಅಂದರು. ಭಾವಮೈದುನ ಹಿಂದೆ ತಿರುಗಿ, ಯಾವ ಹುಡುಗನನ್ನು ಕರೆಯುತ್ತಿದ್ದಾರೆಂದು ಮೆಟ್ಟಿಲ ಕಡೆ ನೋಡಿದರು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಆ ದಿನದ ಊಟ ಮೌನವಾಗಿ ನಡೆಯಿತು.

ಇನ್ನೊಮ್ಮೆ ಪುತ್ತೂರು ಕಡೆಯ ಹವ್ಯಕರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಹವ್ಯಕ ಮಾತಿನಲ್ಲಿ ಹೆಂಗಸರಿಗೆ 'ಬಂದಳು' ಅನ್ನುವುದಿಲ್ಲ, 'ಬಂತು' ಅನ್ನುತ್ತಾರೆ. ಅಕ್ಕ ಬಂತು, ಅತ್ತೆ ಹೋತು. ಅದರಲ್ಲಿ ಅಗೌರವವೇನಿಲ್ಲ, ಆ ಮಾತಿನ ವ್ಯಾಕರಣವೇ ಹಾಗೆ. ರಾಯರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿದ್ದದ್ದು ಆ ಮನೆಯ ಸೊಸೆ ಮಲ್ಲೇಶ್ವರದ ಹುಡುಗಿ ಎಂಬುದು. "ಏನು, ಸೊಸೆ ಆಫೀಸಿಂದ ಬಂತಾ?" ಎಂದು ನಡುಮನೆಯಲ್ಲಿ ಜೋರಾಗಿ ಕೇಳಿದರು. ಅಡುಗೆಮನೆಯಿಂದ ಉತ್ತರ ಬಂತು: "ಬಂತು ಅನ್ನೋಕೆ ನಾನೇನು ಪಾರ್ಸೆಲ್ಲಾ ಅಂಕಲ್?"

ಇಷ್ಟಾದರೂ ಅವರ ಬಳಿ ಸಿದ್ಧಾಂತಗಳಿಗೆ ಬರವಿಲ್ಲ. ದೊಡ್ಡದು ಪಕಾರ ಹಕಾರದ ಸಿದ್ಧಾಂತ. ಹಳಗನ್ನಡದಲ್ಲಿ ಪಾಲು, ಪುಲಿ, ಪೂ ಎಂದಿದ್ದದ್ದು ನಮ್ಮ ಬಾಯಲ್ಲಿ ಹಾಲು, ಹುಲಿ, ಹೂ ಆಯಿತು. ತಮಿಳರು 'ಪ'ವನ್ನು ಹಾಗೇ ಉಳಿಸಿಕೊಂಡರು. ಇಲ್ಲಿಯವರೆಗೆ ಸರಿ, ಶಾಲೆಯಲ್ಲಿ ನಮಗೂ ಹೇಳಿಕೊಟ್ಟದ್ದೇ. ರಾಯರು ಸೇಲಂಗೆ ವರ್ಗವಾದಾಗ ಇದನ್ನೇ ತಿರುಗಿಸಿ ಹಿಡಿದುಕೊಂಡು ಹೋದರಂತೆ: ಕನ್ನಡದ 'ಹ' ಕಂಡಲ್ಲೆಲ್ಲ 'ಪ' ಹಾಕಿದರೆ ತಮಿಳು ಸಿದ್ಧ. ಹತ್ತು, ಪತ್ತು. ಹಣ, ಪಣಂ. ಹಲ್ಲು, ಪಲ್ಲು. ಮೂರು ದಿನ ಸಲೀಸಾಗಿ ನಡೆಯಿತು. ನಾಲ್ಕನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಹಸಿವಾಗಿ, ಹತ್ತಿರದಲ್ಲಿ ಒಳ್ಳೆಯ 'ಪೋಟೆಲ್' ಎಲ್ಲಿದೆ ಎಂದು ಕೇಳಿದರಂತೆ. ಇದನ್ನು ನನಗೆ ಹೇಳಿದವರು ಅವರ ಮನೆಯವರು. ರಾಯರು ನಿರಾಕರಿಸುತ್ತಾರೆ. ಆದರೆ ತುಳುವಿನ ಮಾತು ಬಂದಾಗ ಆ ಸಿದ್ಧಾಂತವನ್ನು ಅವರು ಎತ್ತುವುದಿಲ್ಲ. ಅಲ್ಲಿ ಹುಲಿ 'ಪಿಲಿ'ಯಾಗಿ ಮಾತು ಕೇಳಿದರೂ ಹಾಲು 'ಪೇರ್' ಆಗಿ ಕೈಕೊಟ್ಟಿದೆ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ರಾಯರ ಪಾಲಿಗೆ ಪರೀಕ್ಷೆ. ವ್ಯಾಪಾರಿ ಎಲ್ಲಿಯವನೆಂದು ಮುಖ ನೋಡಿ ಊಹಿಸಿ ಅವನ ಭಾಷೆಯಲ್ಲೇ ಕೇಳಬೇಕು ಎಂಬ ಹಟ. ಹೋದ ಸಲ ಒಂದು ರಾಶಿಯ ಮುಂದೆ ನಿಂತು 'ಶೇಂಗಾ' ಅಂದರು, ಆತ ಸುಮ್ಮನಿದ್ದ. 'ನೆಲಗಡಲೆ' ಅಂದರು, ಸುಮ್ಮನಿದ್ದ. 'ವೇರುಸೆನಗ' ಅಂದರು, 'ನಿಲಕ್ಕಡಲೈ' ಅಂದರು. ಹಿಂದೆ ಜನ ಸೇರಿದ್ದರು. ಆತ ಸೇರಿನ ಡಬ್ಬಿ ಕೆಳಗಿಟ್ಟು, "ಸ್ವಾಮೀ, ಕಡ್ಲೇಕಾಯಿ ತಗೊಂತೀರೋ ಇಲ್ಲಾ ಹೆಸರಿಡ್ತಾನೇ ಇರ್ತೀರೋ?" ಅಂದ. ಮಾಗಡಿಯವನು.

ಆದರೂ ಅವರನ್ನು ಸೋಲಿಸುವುದು ಕಷ್ಟ. "ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠದಲ್ಲಿ ಮೂರು ಅಲ್ಲೇ ಹೋಯಿತು ನೋಡಿ" ಎನ್ನುತ್ತಾರೆ. ಆಮೇಲೆ ಒಂದು ನಿಟ್ಟುಸಿರು. ತಾನು ಹಾಸನದಲ್ಲಿ, ಕನ್ನಡದ ಮನೆಯಲ್ಲೇ ಹುಟ್ಟಿದ್ದು ದೊಡ್ಡ ಅಡ್ಡಿಯಾಯಿತು ಎಂಬುದು ಆ ನಿಟ್ಟುಸಿರಿನ ಅರ್ಥ.

2011ರ ಫೆಬ್ರುವರಿಯಲ್ಲಿ ಜನಗಣತಿಗೆ ಬಂದ ಟೀಚರಮ್ಮನ ಕಥೆ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತು. ಗಣತಿಯ ನಮೂನೆಯಲ್ಲಿ ಮಾತೃಭಾಷೆ ಬಿಟ್ಟರೆ ಬರುವ ಬೇರೆ ಭಾಷೆಗಳಿಗೆ ಎರಡೇ ಜಾಗ. ರಾಯರು ಕನ್ನಡಕ ಸರಿಮಾಡಿಕೊಂಡು, "ಬರ್ಕೊಳ್ಳಿ, ತುಳು, ಕೊಂಕಣಿ, ಮರಾಠಿ..." ಎಂದು ಶುರು ಮಾಡಿದರು. "ಸಾರ್, ಎರಡೇ." "ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೀರಮ್ಮ." "ಆಗಲ್ಲ ಸಾರ್." "ಹಿಂದುಗಡೆ?" "ಸಾರ್, ಇನ್ನೂ ನಲವತ್ತು ಮನೆ ಇದೆ." ಮರಾಠಿ ಬಿಟ್ಟರೆ ಸಾಂಗ್ಲಿಗೆ ದ್ರೋಹ, ತುಳು ಬಿಟ್ಟರೆ ಮಂಗಳೂರಿಗೆ. ಟೀಚರಮ್ಮನಿಗೆ ಕೊಟ್ಟ ಕಾಫಿ ತಣ್ಣಗಾಗುವವರೆಗೆ ರಾಯರು ಒದ್ದಾಡಿದರು. ಕೊನೆಗೆ ಅವರ ಮನೆಯವರು ಬಂದು, "ಇವರದರಲ್ಲಿ ಹಿಡಿಸದೆ ಹೋದದ್ದನ್ನ ನನ್ನ ಖಾತೆಗೆ ಹಾಕಿಬಿಡಿ" ಅಂದರು. "ನಿಮಗೂ ಅಷ್ಟೆಲ್ಲ ಬರುತ್ತಾ ಅಮ್ಮಾ?" "ನಂಗೇನು ಬರುತ್ತೆ, ಕನ್ನಡ ಬರ್ಕೊಳಿ."

ಹನ್ನೊಂದು ಊರು ಸುತ್ತಿದ್ದು ರಾಯರೊಬ್ಬರೇ ಅಲ್ಲ ಎನ್ನುವುದು ನನಗೂ ಆಗ ಹೊಳೆದಿರಲಿಲ್ಲ.

ಕಳೆದ ತಿಂಗಳು ಗೇಟಿಗೆ ಹೊಸ ಸೆಕ್ಯುರಿಟಿ ಹುಡುಗ ಬಂದ. ಮಧ್ಯಾಹ್ನ ಎರಡೂವರೆ. ರಾಯರು, ನಾನು ಬ್ಯಾಂಕಿನ ಕೆಲಸ ಮುಗಿಸಿ ಬರುತ್ತಿದ್ದೆವು. "ಖಾನಾ ಖಾಯಾ?" ಅಂದರು ರಾಯರು.

"ಅಭೀ ನಹೀಂ ಸಾಬ್."

"ಕಹಾಂ ಸೆ? ಬಿಹಾರ್?"

"ಪಾವಗಡ ಸಾರ್. ತುಮಕೂರು ಜಿಲ್ಲೆ."

ರಾಯರು ನನ್ನ ಕಡೆ ತಿರುಗಿ, ಇಷ್ಟು ವರ್ಷದಲ್ಲಿ ಮೊದಲ ಸಲ ಮರ್ಯಾದೆಯಿಂದ ನೋಡಿದರು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು, ಮನೆಯಲ್ಲಿ ತೆಲುಗೇ. ನಮ್ಮ ಜಿಲ್ಲೆಯಲ್ಲೂ ಸರಕಿತ್ತು! "ಅನ್ನಂ ತಿನ್ನಾವಾ?" ಎಂದು ಉಕ್ಕಿ ಬಂದು ಕೇಳಿದರು.

"ಇಂಕಾ ಲೇದು ಸಾರ್" ಅಂದ ಹುಡುಗ. ಡಬ್ಬಿ ಬಸ್ಸಿನಲ್ಲೇ ಬಿಟ್ಟುಬಂದನಂತೆ.

ರಾಯರು ನಿಂತುಬಿಟ್ಟರು. ಈ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಮುಂದೇನು ಹೇಳಬೇಕೆಂದು ಒಂಬತ್ತರಲ್ಲಿ ಯಾವ ಭಾಷೆಯಲ್ಲೂ ಅವರು ಕಲಿತಿರಲಿಲ್ಲ. ಅಷ್ಟರಲ್ಲಿ ನೆಲಮಹಡಿಯ ಅವರ ತಂಗಿಯ ಮನೆಯ ಕಿಟಕಿಯಿಂದ ರಾಯರ ಮನೆಯವರ ದನಿ ಬಂತು: "ರಾ ನಾಯನಾ, ಅನ್ನಂ ತಿಂದುವು ಗಾನಿ." ಕೋಲಾರದ ಸಂತೆಯಲ್ಲಿ ಮೂರು ವರ್ಷ ಸೊಪ್ಪು ಚೌಕಾಸಿ ಮಾಡಿದ ತೆಲುಗು. ಪುಸ್ತಕದ್ದಲ್ಲ.

ಹುಡುಗ ಹಿತ್ತಲ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತ. ರಾಯರು ಎದುರಿಗೆ ನಿಂತು, ದೊಡ್ಡವರು ಕರೆಯುವಾಗ 'ಅನ್ನಂ' ಅನ್ನಬಾರದು, 'ಭೋಜನಂ' ಅನ್ನಬೇಕು ಎಂದು ವಿವರಿಸತೊಡಗಿದರು. ಹುಡುಗ ಬಾಯಿತುಂಬ ತುತ್ತಿಟ್ಟುಕೊಂಡು ತಲೆಯಾಡಿಸುತ್ತಿದ್ದ. ಅದು ರಾಯರಿಗೋ, ಸಾರಿನ ಸೌಟು ಹಿಡಿದು ನಿಂತಿದ್ದ ಅಮ್ಮನಿಗೋ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.