ಕಂಬದ ಡಬ್ಬಿಯ ಒಡೆಯರಿಗೊಂದು ಬಹಿರಂಗ ಬಿನ್ನಹ

ನಮ್ಮ ಬೀದಿಗೆ ಇಂಟರ್ನೆಟ್ ದಯಪಾಲಿಸುತ್ತಿರುವ ಮಹಾಸ್ವಾಮಿಗಳ ಸನ್ನಿಧಾನಕ್ಕೆ,

ಮೈಸೂರಿನ ಕುವೆಂಪುನಗರದ ನಿವೃತ್ತ ನೌಕರನೂ ಮೂರು ತಿಂಗಳ ಇಂಟರ್ನೆಟ್ ಬಾಡಿಗೆ ಮುಂಗಡ ಕಟ್ಟಿರುವ ಗಿರಾಕಿಯೂ ಆದ ನಾನು ಮಾಡುವ ನಮಸ್ಕಾರಗಳು. ಈಗಷ್ಟೇ ತಮ್ಮ ಆಫೀಸಿನಿಂದ ಬಂದೆ. ಬೆಳಗೆಲ್ಲ ಅಲ್ಲೇ ಕಳೆಯಿತು. ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತದೆ, "ಸಾರ್, ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅಂದ. ಅದು ಆಫೇ ಆಗಿಲ್ಲಪ್ಪ, ನನ್ನ ಸಂಕಟವೇ ಅದು ಅಂದೆ. ಅವನ ತಲೆಗೆ ಹೋಗಲಿಲ್ಲ. ತಮಗಾದರೂ ಹೋದೀತೆಂದು ಬರೆಯುತ್ತಿದ್ದೇನೆ.

ಕಾಯುವುದು ನಮ್ಮೂರಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ನಮ್ಮ ಕಡೆ ತಿರುಗಿಯೂ ನೋಡದೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮೈಸೂರಿಗೆ ಬಂದದ್ದು 1908ರಲ್ಲಿ. ಈಗ ಭಾನುವಾರ ಸಂಜೆ ಅರಮನೆಯ ಸುಮಾರು ಲಕ್ಷ ಬಲ್ಬು ಒಟ್ಟಿಗೇ ಝಗ್ಗನೆ ಹತ್ತುತ್ತವೆ. ಮುಂಗಾರಿಗೆ ಮೊದಲಿನ ಗಾಳಿಮಳೆಗೆ ಗುಲ್‌ಮೊಹರ್ ಕೊಂಬೆ ತಂತಿ ಮೇಲೆ ಬಿದ್ದರೆ ನಮ್ಮ ಬೀದಿ ಕತ್ತಲು. ಕರೆಂಟಿನವರ ಮೇಲೆ ನನ್ನ ತಕರಾರಿಲ್ಲ. 'ವಿದ್ಯುತ್ ವ್ಯತ್ಯಯ' ಅಂತ ಪೇಪರಿನಲ್ಲಿ ಹಾಕಿಸಿ ತೆಗೆಯುವ ಮರ್ಯಾದೆಯಾದರೂ ಅವರಿಗಿದೆ.

ಮನೆಯಿಂದಲೇ ಕೆಲಸ ಮಾಡುವ ಮಗಳಿಗೋಸ್ಕರ ಒಂದು ಪೋರ್ಟಬಲ್ ಪವರ್ ಸ್ಟೇಷನ್ ತಂದೆವು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹುಯ್ಯುವ ತಾಳ್ಮೆ ನನಗೆ ಉಳಿದಿಲ್ಲ. ಇದು ಹಿಡಿಕೆಯಿರುವ ಪೆಟ್ಟಿಗೆ, ಒಳಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 500 ವ್ಯಾಟ್-ಅವರ್. ರೌಟರಿಗೆ ಬೇಕಾದದ್ದು ಹತ್ತು ಹನ್ನೆರಡು ವ್ಯಾಟ್. ಆದರೆ ಅಡಾಪ್ಟರನ್ನು ಅದರ ಸಾಕೆಟ್ಟಿಗೆ ಸಿಕ್ಕಿಸಿದರೆ ಬ್ಯಾಟರಿಯ ಡಿಸಿ 230 ವೋಲ್ಟ್ ಎಸಿ ಆಗಬೇಕು, ಅಡಾಪ್ಟರ್ ಅದನ್ನು ಮತ್ತೆ 12 ವೋಲ್ಟ್ ಡಿಸಿಗೆ ಇಳಿಸಬೇಕು. ಈ ದಂಡದ ಚಾಕರಿಗೇ ಹೆಚ್ಚುಕಡಿಮೆ ರೌಟರಿನಷ್ಟು ಕರೆಂಟು ಹೋಗುತ್ತದೆ. ಸಾಲದ್ದಕ್ಕೆ 'ಇಕೋ ಮೋಡ್' ಎಂಬ ಉಳಿತಾಯದ ಬುದ್ಧಿ ಬೇರೆ: ರೌಟರಿನಂಥ ಬಡಪಾಯಿಯನ್ನು ಲೆಕ್ಕಕ್ಕೇ ಹಿಡಿಯದೆ, ಯಾರೂ ಇಲ್ಲವೆಂದು ತಿಳಿದು ಪೆಟ್ಟಿಗೆ ತಾನೇ ಆರಿಹೋಗುತ್ತದೆ. ಆ ಮೋಡ್ ಬಂದ್ ಮಾಡಿ, 12 ವೋಲ್ಟಿನ ಡಿಸಿ ಕಿಂಡಿಯಿಂದ ರೌಟರಿಗೆ ನೇರ ವೈರು ಎಳೆಸಿದೆ. ಲೆಕ್ಕದ ಪ್ರಕಾರ ಒಂದೂವರೆ ದಿನ ಬರಬೇಕು.

ನಿನ್ನೆ ಸಂಜೆ ಮಳೆ. ಕರೆಂಟು ಹೋಯಿತು, ರೌಟರ್ ಕಣ್ಣು ಮಿಟುಕಿಸಲಿಲ್ಲ. ನಾನು ಮೀಸೆ ತಿರುವುವಷ್ಟರಲ್ಲಿ ಒಳಗಿಂದ ಮಗಳು, "ಅಪ್ಪಾ, ಮೀಟಿಂಗ್ ಕಟ್ಟಾಯ್ತು!" ನೋಡಿದರೆ ರೌಟರಿನ ಎಲ್‌ಓಎಸ್ ದೀಪ ಕೆಂಪು. ಅಂದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಬೆಳಕು ಕಳಿಸಬೇಕಾದ ತಮ್ಮ ಯಂತ್ರ ಮೂಲೆಯ ಕಂಬದ ಡಬ್ಬಿಯಲ್ಲಿದೆ. ಅದಕ್ಕೆ ಕರೆಂಟು ಕಂಬದ ಪಕ್ಕದ ಮನೆಯ ಮೆಟ್ಟಿಲ ಕೆಳಗಿನ ಪ್ಲಗ್ಗಿನಿಂದ. ಡಬ್ಬಿಯೊಳಗೆ ಬ್ಯಾಟರಿ ಇಲ್ಲವೇ ಎಂದರೆ, ಇದೆ. ಅದು ಊದಿಕೊಂಡು ಸತ್ತು ಯಾವ ಕಾಲವಾಯಿತೋ, ತಿಥಿ ಮಾಡುವವರಿಲ್ಲ.

ಮಹಾಸ್ವಾಮಿ, ಫೈಬರ್ ಅಂದರೆ ಗಾಜಿನ ಎಳೆ, ಅದಕ್ಕೆ ಕರೆಂಟು ಬೇಡ. ಸರಿಯಾಗಿ ಕಟ್ಟಿದರೆ ದಾರಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರಿಗೂ ಬೇಡ. ಯಂತ್ರವನ್ನು ಒಂದೇ ಕಡೆ, ಒಳ್ಳೆ ಬ್ಯಾಟರಿ ಜನರೇಟರ್ ಇರುವ ಕಟ್ಟಡದಲ್ಲಿ ಇಟ್ಟರೆ ಊರೆಲ್ಲ ಕತ್ತಲಾದರೂ ನೆಟ್ ನಡೆಯುತ್ತದೆ. ಹಳೇ ತಂತಿ ಫೋನನ್ನಾದರೂ ನೆನಪಿಸಿಕೊಳ್ಳಿ. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿ ಲೈನಿಗೆ ಕರೆಂಟು ಕೊಡುತ್ತಿತ್ತು, ಮನೆಯಲ್ಲಿ ದೀಪ ಹೋದರೂ ಫೋನು ಟ್ರಿಣ್ ಅನ್ನುತ್ತಿತ್ತು. ಬ್ಯಾಟರಿ ಇಡುವುದು ಫೋನಿನವರ ಕೆಲಸವಾಗಿತ್ತು. ಈಗ ಅದನ್ನು ಗಿರಾಕಿಯ ತಲೆಗೆ ಕಟ್ಟಿದ್ದೀರಿ. ಆಯಿತು, ನಾನು ಇಟ್ಟೆ. ನೀವು ಇಡಲಿಲ್ಲ! ತಿಂಗಳು ತಿಂಗಳು ದುಡ್ಡು ಎಣಿಸಿಕೊಳ್ಳುವವರಿಗೆ ಒಂದು ಡಬ್ಬಿಗೆ ಒಂದು ಬ್ಯಾಟರಿ ಹಾಕಲು ಏನು ದಾಡಿ? ನನ್ನ ಅಷ್ಟು ದುಬಾರಿ ಪೆಟ್ಟಿಗೆ ಒಂದೂವರೆ ದಿನ ಉರಿಸಬಲ್ಲದ್ದು ಏನನ್ನು? ಒಂದು ಕೆಂಪು ದೀಪವನ್ನು.

ಬೇಕಾದರೆ ಪೆಟ್ಟಿಗೆಯನ್ನೇ ಕಂಬದ ಬುಡಕ್ಕೆ ಹೊತ್ತು ತರುತ್ತೇನೆ, ಇಡೀ ಬೀದಿಗೆ ನಡೆಯಲಿ ಎಂದೂ ಹೇಳಿನೋಡಿದೆ. "ಅದಕ್ಕೆಲ್ಲ ಪರ್ಮಿಷನ್ ಇಲ್ಲ ಸಾರ್" ಅಂದ ಹುಡುಗ. ಸ್ವಲ್ಪ ಯೋಚಿಸಿ, "ನೀವು ರೌಟರ್ ಒಂದ್ಸಲ ಆಫ್ ಮಾಡಿ..."

ಆ ಸತ್ತ ಬ್ಯಾಟರಿ ತೆಗೆದು ಹೊಸದು ಹಾಕಿಸಿ. ಹಾಕಿಸುವವರೆಗೆ ಮುಂಗಡ ಕೇಳಲು ಯಾರನ್ನೂ ಕಳಿಸಬೇಡಿ.

ಇಂತಿ,
ಕುವೆಂಪುನಗರದ ಒಬ್ಬ ಗಿರಾಕಿ

ವಿ.ಸೂ.: ಇದನ್ನು ಓದುವ ನೆರೆಹೊರೆಯವರೇ, ಇಂಥ ಪೆಟ್ಟಿಗೆ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಕರೆಂಟು ಹೋದಾಗ, ನಿಮ್ಮದೇ ಲೈನಿನ, ಇನ್ವರ್ಟರ್ ಇರುವ ಮನೆಗೆ ಹೋಗಿ ಅವರ ರೌಟರ್ ನೋಡಿ. ಎಲ್‌ಓಎಸ್ ಕೆಂಪಗಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.