ಹಳೆಯ ನೋಟ್‌ಬುಕ್ಕಿನ ಪರವಾಗಿ ನಾಲ್ಕು ಮಾತು

ನಿಮ್ಮ ಅಟ್ಟದ ಮೇಲೂ ಒಂದು ಇದ್ದೀತು ನೋಡಿ. ಟ್ರಂಕಿನ ತಳದಲ್ಲೋ, ಹಳೆಯ ಮಾರ್ಕ್ಸ್ ಕಾರ್ಡುಗಳ ಕಟ್ಟಿನೊಳಗೋ ಸಿಕ್ಕಿಕೊಂಡಿರುವ ಒಂದು ಲಾಂಗ್ ನೋಟ್‌ಬುಕ್ಕು. ಎದುರಿನಿಂದ ತೆರೆದರೆ ರಸಾಯನಶಾಸ್ತ್ರ, ಹಿಂದಿನಿಂದ ತಿರುವಿದರೆ ಕವಿತೆ. ನಮ್ಮಲ್ಲಿ ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ನಾಲ್ಕು ಸಾಲು ಬರೆಯದವರು ಕಡಿಮೆ. ಬರೆದದ್ದನ್ನು ಈಗ ಹೊರಗೆ ತೆಗೆದು ತೋರಿಸುವವರು ಇನ್ನೂ ಕಡಿಮೆ. ಕೇಳಿದರೆ, “ಅಯ್ಯೋ, ಅದೆಲ್ಲ ಆಗಿನ ಹುಚ್ಚು ಬಿಡಿ” ಅಂದುಬಿಡುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅದನ್ನೇ ನಿಮ್ಮ ಹತ್ತಿರ ಸ್ವಲ್ಪ ಮಾತಾಡೋಣ ಅಂತ ಬೇಲಿಯ ಹತ್ತಿರ ಬಂದೆ.

ಈಚೆಗೆ ನನ್ನ ನೋಟ್‌ಬುಕ್ಕನ್ನು ತೆಗೆದು ಮೊದಲಿಂದ ಕೊನೆಯವರೆಗೆ ಓದಿದೆ. ಮೊದಲು ಕಣ್ಣಿಗೆ ಬಿದ್ದದ್ದು ಕಾವ್ಯನಾಮ. ನಮ್ಮ ಕಾಲದಲ್ಲಿ ಕವಿತೆಗಿಂತ ಮುಂಚೆ ಕಾವ್ಯನಾಮ ಹುಟ್ಟುತ್ತಿತ್ತು, ನೆನಪಿದೆಯಲ್ಲ? ಬೇಂದ್ರೆಯವರು ಅಂಬಿಕಾತನಯದತ್ತ, ಬೆಟಗೇರಿ ಕೃಷ್ಣಶರ್ಮರು ಆನಂದಕಂದ, ಅನಸೂಯಾ ಶಂಕರ್ ಅವರು ತ್ರಿವೇಣಿ. ಪಾಠದ ಪುಸ್ತಕದಲ್ಲಿ, ಲೈಬ್ರರಿಯ ಕಪಾಟಿನಲ್ಲಿ ಈ ಹೆಸರುಗಳನ್ನು ನೋಡುತ್ತ ಬೆಳೆದವರಿಗೆ ತಾನೂ ಒಂದು ಹೆಸರಿಟ್ಟುಕೊಳ್ಳಬೇಕು ಅನ್ನಿಸುವುದು ಸಹಜ. ಕುವೆಂಪು ಕೂಡ ಕುವೆಂಪು ಆಗುವ ಮೊದಲು ಕಿಶೋರಚಂದ್ರವಾಣಿ ಆಗಿದ್ದರು. ಆ ಹೆಸರಿನ ಹಿಂದೆ ಜಂಭ ಹುಡುಕಬೇಡಿ. ಬರೆಯುವವರ ಆ ದೊಡ್ಡ ಮನೆತನಕ್ಕೆ ತಾನೂ ಸೇರಬೇಕೆಂಬ ಆಸೆ ಅಲ್ಲಿದೆ. ಆ ಆಸೆಯಿಲ್ಲದೆ ಯಾರೂ ಎರಡನೆಯ ಪುಟ ಬರೆಯುವುದಿಲ್ಲ.

ಹೆಸರು ದಾಟಿ ಒಳಗೆ ಹೋದರೆ ಅನುಕರಣೆ. ಒಂದು ಪುಟದಲ್ಲಿ ಬೇಂದ್ರೆಯವರ ಲಯ, ಮುಂದಿನದರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ದಾಂಪತ್ಯ, ಅದೂ ಮದುವೆಯ ಗಂಧಗಾಳಿಯಿಲ್ಲದ ವಯಸ್ಸಿನಲ್ಲಿ. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ಮೇಲಂತೂ ಭಾವಗೀತೆ ಮನೆಮನೆಯ ಟೇಪ್‌ರೆಕಾರ್ಡರಿಗೆ ಬಂತು. ಆಮೇಲಿನ ಪುಟಗಳಲ್ಲಿ ಪಲ್ಲವಿ, ಚರಣ, ಮತ್ತೆ ಪಲ್ಲವಿ. ನಾನು ಆಗ ಬರೆದದ್ದರಲ್ಲಿ ಅನೇಕವನ್ನು ಹಾಡಬಹುದು, ಯಾಕೆಂದರೆ ಹಾಡು ಕೇಳುತ್ತಲೇ ಬರೆದದ್ದು. ಇದನ್ನು ಕದ್ದದ್ದು ಎನ್ನಲು ನನಗೆ ಮನಸ್ಸಿಲ್ಲ. ಸಂಗೀತದ ಪಾಠದಲ್ಲಿ ಗುರುಗಳು ಹೇಳಿದ್ದನ್ನು ಶಿಷ್ಯರು ಹಾಗೆಯೇ ಹೇಳುತ್ತಾರೆ. ಅಲ್ಲಿ ಅದಕ್ಕೆ ಅಭ್ಯಾಸ ಎಂದು ಗೌರವವಿದೆ. ಬರವಣಿಗೆಗೂ ಆ ಗೌರವ ಸಲ್ಲಬೇಕು. ಅನುಕರಣೆಯ ಪುಟಗಳು ಇವತ್ತು ನನಗೆ ಇನ್ನೊಂದನ್ನೂ ಹೇಳುತ್ತವೆ: ಯಾವ ಊರಿನ ಯಾವ ಮನೆಯಲ್ಲಿ, ಯಾವ ಹೊತ್ತಿಗೆ, ಯಾವ ಕವಿ ಬಂದು ಕೂತಿದ್ದರು ಎಂಬ ಲೆಕ್ಕ. ಆ ಲೆಕ್ಕವನ್ನು ಬೇರೆ ಯಾರೂ ಬರೆದಿಟ್ಟಿಲ್ಲ.

ಕವಿತೆಗಳ ನಡುವೆ ಒಂದು ಕತೆ ಸಿಕ್ಕಿತು. ಪತ್ರಿಕೆಯೊಂದಕ್ಕೆ ಸ್ವವಿಳಾಸದ ಲಕೋಟೆಯ ಜೊತೆ ಹೋಗಿ, ಅದೇ ಲಕೋಟೆಯಲ್ಲಿ ವಾಪಸ್ಸು ಬಂದದ್ದು. ಕತೆಯಲ್ಲಿ ಒಬ್ಬಳು ಮುದುಕಿ ಇದ್ದಾಳೆ. ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆ ಡಬ್ಬವನ್ನು ಸಾಲಿನಲ್ಲಿಟ್ಟು, ಡಬ್ಬದ ಕಾವಲಿಗೆ ಮೊಮ್ಮಗಳನ್ನು ಕೂರಿಸಿ, ತಾನು ದೇವಸ್ಥಾನದ ಜಗಲಿಯಲ್ಲಿ ಊರಿನ ಸುದ್ದಿ ಮಾತಾಡುತ್ತಾಳೆ. ಕತೆ ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ಮುದುಕಿಯ ಮಾತು ಅಕ್ಷರಶಃ ನನ್ನ ಅಜ್ಜಿಯದು. ಬೈಗುಳದ ಧಾಟಿ, ನಡುವೆ ಉಸಿರೆಳೆದುಕೊಳ್ಳುವ ಜಾಗ, ಪ್ರತಿ ಮಾತಿಗೂ ಯಾರನ್ನಾದರೂ ಸಾಕ್ಷಿಗೆ ಕರೆಯುವ ರೀತಿ, ಎಲ್ಲ. ಇವತ್ತು ಅದೇ ಕತೆ ಬರೆದರೆ ನಾನು ಆ ಮಾತುಗಳನ್ನು ತಿದ್ದಿ, ಚೊಕ್ಕ ಮಾಡಿ, ಅರ್ಧಕ್ಕೆ ಇಳಿಸಿಬಿಡುತ್ತೇನೆ. ಆಗ ತಿದ್ದುವ ವಿದ್ಯೆ ಗೊತ್ತಿರಲಿಲ್ಲವಾಗಿ ಅಜ್ಜಿ ಉಳಿದಿದ್ದಾಳೆ. ಅವಳ ಧ್ವನಿಯ ಟೇಪು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಇರುವುದು ಈ ಕತೆ ಒಂದೇ.

ದೊಡ್ಡವರ ವಿಷಯಕ್ಕೆ ಬನ್ನಿ. ಕುವೆಂಪು ಅವರ ಮೊದಲ ಪುಸ್ತಕ ಕನ್ನಡದ್ದಲ್ಲ, 1922ರಲ್ಲಿ ಬಂದ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳದ್ದು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈ ಹುಡುಗ ತನ್ನ ಇಂಗ್ಲಿಷ್ ಕವಿತೆ ತೋರಿಸಿದ್ದು, ಅವರು ನಿನ್ನ ಭಾಷೆಯಲ್ಲಿ ಬರೆಯಪ್ಪ ಅಂದದ್ದು ನಮಗೆಲ್ಲ ಗೊತ್ತಿರುವ ಕತೆ. ನನಗೆ ಇಷ್ಟವಾಗುವುದು ಅದರ ಮುಂದಿನ ಭಾಗ. ‘ಶ್ರೀ ರಾಮಾಯಣ ದರ್ಶನಂ’ ಬರೆದು, ಜ್ಞಾನಪೀಠ ಪಡೆದ ಮೇಲೂ ಕುವೆಂಪು ಆ ಹುಡುಗನನ್ನು ಮರೆಮಾಚಲಿಲ್ಲ. ‘ನೆನಪಿನ ದೋಣಿಯಲ್ಲಿ’ ಆತ್ಮಕಥೆಯಲ್ಲಿ ಆ ದಿನಗಳನ್ನು ಬಿಡಿಬಿಡಿಯಾಗಿ, ಪ್ರೀತಿಯಿಂದ ಬರೆದಿಟ್ಟಿದ್ದಾರೆ.

ಗಿರೀಶ ಕಾರ್ನಾಡರದು ಇನ್ನೊಂದು ಬಗೆ. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ತರುಣ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ ಕನ್ನಡದಲ್ಲಿ ನಾಟಕ ಬರೆದ. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ‘ಯಯಾತಿ’ಯನ್ನು ಪ್ರಕಟಿಸಿತು. ‘ತುಘಲಕ್’, ‘ಹಯವದನ’ಗಳನ್ನು ಕಾರ್ನಾಡರು ಬಹಳ ಹಿಂದೆಯೇ ಇಂಗ್ಲಿಷಿಗೆ ತಂದರು. ‘ಯಯಾತಿ’ಯನ್ನು ಅವರೇ ಇಂಗ್ಲಿಷಿಗೆ ಮಾಡಿದ ಪುಸ್ತಕ ಬಂದದ್ದು 2008ರಲ್ಲಿ. ಎಪ್ಪತ್ತರ ಹೊಸ್ತಿಲಲ್ಲಿ ನಿಂತವರು ಇಪ್ಪತ್ತೆರಡರ ತರುಣನ ಪಕ್ಕದಲ್ಲಿ ಕೂತು, ಅವನ ಮಾತನ್ನು ಸಾಲುಸಾಲಾಗಿ ಮತ್ತೆ ಕೇಳಿಸಿಕೊಂಡ ಹಾಗೆ ನನಗೆ ಕಾಣುತ್ತದೆ. ಇಂಥ ತಾಳ್ಮೆ ದೊಡ್ಡದು.

ಗೋಪಾಲಕೃಷ್ಣ ಅಡಿಗರನ್ನೂ ನೆನೆಯಬೇಕು. 1946ರ ‘ಭಾವತರಂಗ’ದಿಂದ 1954ರ ‘ಚಂಡೆಮದ್ದಳೆ’ಗೆ ಬರುವಷ್ಟರಲ್ಲಿ ಅವರು ತಮ್ಮ ಹಳೆಯ ದಾರಿಯನ್ನೇ ಬಿಟ್ಟಿದ್ದರು. ನವ್ಯದ ಹಿರಿಯ ಕವಿಯೆಂದು ನಾವು ಅವರನ್ನು ಓದುವುದು ಈ ಎರಡನೆಯ ಅಡಿಗರಿಂದ. ಆದರೆ ಆ ಮೊದಲಿನ ದಾರಿಯಲ್ಲಿ ಬರೆದ ‘ಮೋಹನ ಮುರಳಿ’ ಎಷ್ಟು ಜನರ ಬಾಯಲ್ಲಿದೆ! ‘ಅಮೆರಿಕ ಅಮೆರಿಕ’ ಸಿನಿಮಾದಲ್ಲಿ ಬಂದ ಮೇಲಂತೂ ಕವಿಯ ಹೆಸರು ಗೊತ್ತಿಲ್ಲದವರೂ ಅದನ್ನು ಹಾಡುತ್ತಾರೆ. ಕವಿ ದಾಟಿ ಬಂದ ಊರಿನಲ್ಲಿ ಓದುಗರು ಮನೆಮಾಡಿಕೊಂಡಿರುತ್ತಾರೆ. ನರಸಿಂಹಸ್ವಾಮಿಯವರು ‘ಶಿಲಾಲತೆ’ ಬರೆದು ಬದಲಾದರು, ‘ತೆರೆದ ಬಾಗಿಲು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನ ಮಾತ್ರ 1942ರ ‘ಮೈಸೂರು ಮಲ್ಲಿಗೆ’ಯನ್ನು ಕೈಬಿಡಲಿಲ್ಲ.

ನಾವು ಅಡಿಗರಲ್ಲ, ನಮ್ಮ ನೋಟ್‌ಬುಕ್ಕು ‘ಮೈಸೂರು ಮಲ್ಲಿಗೆ’ಯೂ ಅಲ್ಲ ಅನ್ನುತ್ತೀರಿ. ಸರಿ. ಆದರೆ ಹಳೆಯದನ್ನು ಓದುವ ರೀತಿಯನ್ನು ಅವರಿಂದ ಕಲಿಯಬಹುದಲ್ಲ? ಇವತ್ತಿನ ಅಳತೆಕೋಲು ಹಿಡಿದು ಆವತ್ತಿನ ಸಾಲನ್ನು ಅಳೆಯಲು ಕೂತರೆ ತಪ್ಪುಗಳಷ್ಟೇ ಕಾಣುತ್ತವೆ. ಬರೆದಾಗ ಎಷ್ಟು ವಯಸ್ಸು, ಮನೆಯಲ್ಲಿ ಏನು ನಡೆಯುತ್ತಿತ್ತು, ಆ ವಾರ ಯಾವ ಪುಸ್ತಕ ಓದಿದ್ದೆ ಎಂದು ಕೇಳಿಕೊಂಡು ಓದಿದರೆ ಬೇರೆಯೇ ಕಾಣುತ್ತದೆ. ಯಾರೂ ಕೇಳದಿದ್ದರೂ, ಯಾರೂ ಮೆಚ್ಚದಿದ್ದರೂ, ಪರೀಕ್ಷೆಯ ಹಿಂದಿನ ರಾತ್ರಿ ಕೂತು ಬರೆದ ಆ ಹಸಿವು ಕಾಣುತ್ತದೆ. ಅನುಭವ ಬಂದ ಮೇಲೆ ಕೌಶಲ ಬರುತ್ತದೆ, ಹಿಡಿತ ಬರುತ್ತದೆ. ಆ ಹಸಿವು ತಾನಾಗಿ ಬರುವುದಿಲ್ಲ. ಎಲ್ಲಿತ್ತೋ ಅಲ್ಲಿಗೆ ಹೋಗಿ ನೋಡಿ ಬರಬೇಕು. ಆ ಪುಟಗಳನ್ನು ಓದಿದ ಮೇಲೆ ನಾನು ಮತ್ತೆ ಬರೆಯಲು ಕೂತಿದ್ದೇನೆ, ಅದನ್ನೂ ನಿಮಗೆ ಹೇಳಬೇಕಿತ್ತು.

ಒಂದು ವಿನಂತಿ. ಹಳೆಯದನ್ನು ತಿದ್ದಬೇಡಿ. ಹೊಸದಾಗಿ ಬರೆಯಬೇಕೆನಿಸಿದರೆ ಬೇರೆ ಹಾಳೆ ತೆಗೆದುಕೊಳ್ಳಿ, ಆ ಪುಟ ಇದ್ದ ಹಾಗೇ ಇರಲಿ. ಇಸವಿ, ಊರು ಗೊತ್ತಿದ್ದರೆ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಶಾಲೆಯ ಕೈಬರಹದ ಪತ್ರಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ ಉಳಿದಿದ್ದರೆ ಅದನ್ನೂ ಜೋಪಾನ ಮಾಡಿ, ಅಲ್ಲಿ ನಿಮ್ಮ ಜೊತೆ ಬರೆದ ಇತರರೂ ಇದ್ದಾರೆ.

ಇನ್ನು ನಿಮ್ಮ ಮಗಳು ಬರೆಯುತ್ತಾಳಲ್ಲ, ಅವಳಿಗೂ ಒಂದು ಮಾತು ಹೇಳಿ. ಈಗಿನವರು ಫೋನಿನಲ್ಲೇ ಬರೆಯುತ್ತಾರೆ. ಫೋನು ಬದಲಾದಾಗ ಕವಿತೆಯೂ ಹೋಗುತ್ತದೆ. ಬರೆದದ್ದನ್ನು ಒಂದು ಪುಸ್ತಕಕ್ಕೆ ಇಳಿಸಿ, ಕೆಳಗೆ ತಾರೀಖು ಹಾಕಿಡಲಿ. ಚೆನ್ನಾಗಿದೆಯೋ ಇಲ್ಲವೋ ಎಂದು ಈಗಲೇ ತೀರ್ಮಾನ ಮಾಡುವುದು ಬೇಡ. ಐವತ್ತರ ವಯಸ್ಸಿನಲ್ಲಿ ಅವಳೇ ಓದಿ ನೋಡುತ್ತಾಳೆ.