ಹೆಸರು ಮಾತ್ರ ಹೇಳ್ಬೇಡಿ ಅಯ್ನೋರೇ!

ಆದಿತ್ಯವಾರ ಚರ್ಚಿನಲ್ಲಿ ಕಾಣಿಕೆ ಚೀಲ ನಿಮ್ಮ ಬೆಂಚಿಗೆ ಬರುವಾಗ ನಿಮ್ಮ ಕೈ ಎಂತ ಮಾಡ್ತದೆ, ಗಮನಿಸಿದ್ದೀರಾ? ಐನೂರರ ನೋಟಾದ್ರೆ ನಿಧಾನಕ್ಕೆ, ಅಗಲವಾಗಿ ಇಳೀತದೆ. ಹತ್ತರದ್ದಾದ್ರೆ ನೋಟು ಮುಷ್ಟಿಯೊಳಗೆ, ಮುಷ್ಟಿ ಚೀಲದೊಳಗೆ. (ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗ್ಬಾರ್ದು ಅನ್ನುವ ಬೋಧನೆಯನ್ನು ನಾವು ಪಾಲಿಸುವುದು ಹತ್ತು ರೂಪಾಯಿಯ ವಿಷಯದಲ್ಲಿ ಮಾತ್ರ.) ಹೌದಾ ಅಲ್ವಾ? ಬೇಡ ಬಿಡಿ, ಜೋರಾಗಿ ಉತ್ತರ ಕೊಡ್ಬೇಡಿ. ಪಕ್ಕದವರು ಕೇಳಿಸಿಕೊಳ್ತಾರೆ.

ಹಾರ್ವೆಸ್ಟ್ ಫೆಸ್ಟಿವಲಿನ ಏಲಂ ನೋಡಿ ಮಾರಾಯ್ರೇ. ಒಂದು ಸೌತೆಕಾಯಿ ಮೇಲೆತ್ತಿ ತೋರಿಸ್ತಾರೆ. ನಿಮಗದು ಬೇಡವೇ ಬೇಡ, ಮನೆಯಲ್ಲಿ ಜಂತಿಗೆ ಕಟ್ಟಿ ನೇತುಹಾಕಿದ್ದೇ ಸಾಲು ಸಾಲು ಉಂಟು. ಅಷ್ಟರಲ್ಲಿ ನಿಮ್ಮ ಭಾವ ಹಿಂದಿನಿಂದ 'ಐನೂರು' ಅಂದ್ರು. ಮುಗೀತು ಕತೆ! ನಿಮ್ಮ ಬಾಯಿಂದ 'ಸಾವಿರ' ಹಾರಿಯೇ ಹೋಯ್ತು. ಆ ಸಾವಿರ ದೇವರಿಗೆ ಕೊಟ್ಟದ್ದಾ, ಭಾವನಿಗೆ ಕೊಟ್ಟದ್ದಾ? ರಶೀದಿಯಲ್ಲಿ ಅದನ್ನು ಬರೆದಿರುವುದಿಲ್ಲ.

'ನಾನು ಹಾಗಲ್ಲಪ್ಪ' ಅಂತೀರಿ. ಗೊತ್ತುಂಟು, ನೀವು ಗುಟ್ಟಾಗಿ ಕೊಡುವವರು. ಚರ್ಚಿನ ಹೊಸ ಮೈಕ್ ಸೆಟ್ಟಿಗೆ ದುಡ್ಡು ಕೊಟ್ಟು 'ಹೆಸರು ಮಾತ್ರ ಹೇಳ್ಬೇಡಿ ಅಯ್ನೋರೇ' ಅಂದವರು. ಅಯ್ನೋರು ಪಾಪ, ನಿಮ್ಮ ಮಾತನ್ನು ನಂಬಿಯೇಬಿಟ್ರು! 'ಹೆಸರು ಹೇಳಲಿಚ್ಛಿಸದ ಒಂದು ಕುಟುಂಬ' ಅಂತ ಓದಿ ಮುಂದಿನ ಪ್ರಕಟಣೆಗೆ ಹೋದ್ರು.

ಆಮೇಲೆ ನೀವು ಎಂತ ಮಾಡಿದ್ರಿ? ಆರಾಧನೆ ಬಿಟ್ಟ ಕೂಡ್ಲೇ ಅಂಗಳದಲ್ಲಿ ಸ್ತ್ರೀಸಂಘದ ಸೆಕ್ರೆಟರಿ ಹತ್ರ ಹೋಗಿ 'ಸೌಂಡ್ ಈಗ ಕ್ಲಿಯರ್ ಉಂಟಲ್ಲಾ ಅಕ್ಕಾ?' ಅಂದ್ರಿ. 'ಓ, ಕೊಟ್ಟದ್ದು ನೀವೇನಾ?' 'ಛೇ ಛೇ, ನಿಮಗೆ ಯಾರು ಹೇಳಿದ್ದು?' (ಯಾರೂ ಹೇಳ್ಲಿಲ್ಲ. ನೀವೇ ಹೇಳಿದ್ದು.)

ಬೆಂಚಿನ ಬೆನ್ನಿಗೆ ಹೆಸರು, ಗಡಿಯಾರದ ಮೇಲೆ ಹೆಸರು, ಫ್ಯಾನಿನ ರೆಕ್ಕೆಯಲ್ಲೂ ಹೆಸರು. (ಫ್ಯಾನ್ ಕೊಟ್ಟವರು ಕರೆಂಟು ಹೋಗ್ಲಿ ಅಂತಲೇ ಪ್ರಾರ್ಥಿಸ್ತಾರೋ ಏನೋ.) ಬಾಸೆಲ್ ಮಿಶನ್ನಿನವರೂ ಹೆಂಚಿನ ಮೇಲೆ ತಮ್ಮ ಹೆಸರು, 1865ರ ಇಸವಿ ಎಲ್ಲ ಅಚ್ಚೊತ್ತುತ್ತಿದ್ರು ನಿಜ. ಅದು ಫ್ಯಾಕ್ಟರಿ ಮಾಲು, ಮಾರ್ಬೇಕಿತ್ತು. ನೀವು ಎಂತ ಮಾರ್ಲಿಕ್ಕೆ ಹೊರಟದ್ದು?

ಈ ಹುಚ್ಚಿಗೆ ದೊಡ್ಡ ಗುರು ಸೌಲ ರಾಜ. (ಒಂದನೇ ಸಮುವೇಲ, 15ನೇ ಅಧ್ಯಾಯ. ತೆರೆದು ನೋಡಿ, ನನ್ನನ್ನು ನಂಬ್ಬೇಡಿ.) ಅಮಾಲೇಕ್ಯರ ಮೇಲೆ ಯುದ್ಧ ಗೆದ್ದ ಮೇಲೆ ಅವನು ಮಾಡಿದ ಕೆಲಸ ಗೊತ್ತುಂಟಾ? ಕರ್ಮೆಲಿಗೆ ಹೋಗಿ ತನಗೆ ತಾನೇ ಒಂದು ಸ್ಮಾರಕ ನಿಲ್ಲಿಸಿದ್ದು! ಕುರಿ, ದನ ಒಂದನ್ನೂ ಉಳಿಸ್ಬಾರ್ದು ಅಂತ ದೇವರ ಅಪ್ಪಣೆ ಇತ್ತು. ಇವನು ಕೊಬ್ಬಿದ್ದನ್ನೆಲ್ಲ ಉಳಿಸಿಕೊಂಡು, ಪ್ರವಾದಿ ಸಮುವೇಲನ ಎದುರು 'ಎಲ್ಲ ಹೇಳಿದ ಹಾಗೇ ಮಾಡಿದ್ದೇನೆ' ಅಂತ ಎದೆ ಸೆಟೆಸಿದ. ಹಿಂದಿನಿಂದ ಕುರಿಗಳು 'ಬ್ಯಾ' ಅಂದವು.

ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡ: ಜನರಿಗೆ ಹೆದರಿ ಹಾಗೆ ಮಾಡಿದೆ ಅಂತ. ಹೇಳುವುದು ಯಾರು? ರಾಜ! 'ನಿನ್ನ ರಾಜ್ಯ ಹೋಯ್ತು' ಅಂತ ಪ್ರವಾದಿ ಮುಖಕ್ಕೇ ಹೇಳಿದ ಮೇಲೂ ಅವನ ಬೇಡಿಕೆ ಎಂತದ್ದು? ಹಿರಿಯರ ಎದುರು ನನ್ನ ಮಾನ ಉಳಿಸು, ಸ್ವಲ್ಪ ನನ್ನ ಜೊತೆಗೆ ಬಾ. ಸಿಂಹಾಸನ ಹೋದ್ರೂ ಫೋಟೋ ಕೆಡ್ಬಾರ್ದು. (ಸಮುವೇಲ ಜೊತೆಗೆ ಹೋದ ಕೂಡ! ಆ ಮುದುಕನ ಮೇಲೆ ನನಗೆ ಪ್ರೀತಿ ಬರುವುದು ಅಲ್ಲೇ.)

ನಗ್ತೀರಾ? ಮನೆಯಲ್ಲಿ ಗಂಡ ಹೆಂಡತಿ ಬೊಬ್ಬೆ ಹಾಕಿ ಜಗಳ ಮಾಡಿ, ಕಾರಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬಂದು, ಚರ್ಚಿನ ಗೇಟಿನಲ್ಲಿ ಇಳಿಯುವಾಗ 'ಸ್ತೋತ್ರ ಬ್ರದರ್!' ಅಂತ ಹಲ್ಲು ಬಿಟ್ಟವರು ಯಾರು? ಸೌಲನಾ?

ಆದ್ರೆ ಇದೆಲ್ಲ ಆದಿತ್ಯವಾರದ ಕತೆ. ಸೋಮವಾರ ಆಟ ತಿರುವು ಮುರುವು. ಆಫೀಸಿನಲ್ಲಿ ಸಾಹೇಬ್ರು ಒಂದು ಸುಳ್ಳು ಬಿಲ್ಲು ಮುಂದಿಟ್ಟು 'ಇಲ್ಲೊಂದು ಸೈನ್' ಅಂತಾರೆ. ನಿನ್ನೆ ಮೈಕಿನಲ್ಲಿ ಸಾಕ್ಷಿ ಹೇಳಿದ ಗಂಟಲು ಈಗ ಒಣಗ್ತದೆ. 'ಇದು ನನ್ನಿಂದಾಗುದಿಲ್ಲ ಸರ್' ಅನ್ಲಿಕ್ಕೆ ಎಷ್ಟು ಹೊತ್ತು ಬೇಕು? ಆದ್ರೆ ಮಧ್ಯಾಹ್ನ ಊಟಕ್ಕೆ ಯಾರೂ ಕರೆಯದಿದ್ರೆ ಅಂತ ಹೆದರಿಕೆ.

ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲೂ ಅಂಥ ಅಧಿಕಾರಿಗಳಿದ್ದಾರೆ. ಯೇಸುವನ್ನು ನಂಬಿದ್ದಾರೆ, ಬಾಯಿ ಮಾತ್ರ ಬಿಡುದಿಲ್ಲ, ಸಭಾಮಂದಿರದಿಂದ ಹೊರಗೆ ಹಾಕಿಯಾರು ಅಂತ. ನಿನ್ನೆ ಇಲ್ಲದ ಭಕ್ತಿ ತೋರಿಸಿದ್ದೂ, ಇವತ್ತು ಇದ್ದದ್ದನ್ನು ಅಡಗಿಸಿದ್ದೂ ಅದೇ ಜನರಿಗಾಗಿ ಅಲ್ವಾ?

ಕಥೋಲಿಕರ ಪಾಡೂ ತಮಾಷೆಯೇ. ವಿಭೂತಿ ಬುಧವಾರ ಚರ್ಚಿನಲ್ಲಿ ಓದುವುದು ಮತ್ತಾಯನ 6ನೇ ಅಧ್ಯಾಯ, ಉಪವಾಸ ಮಾಡುವಾಗ ಮುಖ ತೊಳೆದುಕೊಳ್ಳಿ ಅನ್ನುವ ಭಾಗ. ಓದಿ ಆದ ಮೇಲೆ ಹಣೆಗೆ ಬೂದಿ! ಆ ಬೂದಿ ಪಶ್ಚಾತ್ತಾಪದ್ದು, ಅದರ ತಪ್ಪಲ್ಲ. ಸ್ಟೇಟಸ್ಸಿಗೆ ಸೆಲ್ಫಿ ಹಾಕಿದ್ದು ಬೂದಿಯಲ್ಲವಲ್ಲ.

ಅದೇ ಅಧ್ಯಾಯದಲ್ಲಿ ಇನ್ನೊಂದು ಉಂಟು: ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಬೇಕು. ಇವತ್ತು ರಾತ್ರಿ ಒಮ್ಮೆ ಮಾಡಿ ನೋಡಿ. ಪ್ರಾರ್ಥನಾಕೂಟದಲ್ಲಿ ಕಾಲು ಗಂಟೆ ನಿಲ್ಲದ ಬಾಯಿ ಅಲ್ಲಿ ಎಷ್ಟು ಹೊತ್ತು ಓಡ್ತದೆ? ನಡುನಡುವೆ 'ಆಮೆನ್' ಅನ್ಲಿಕ್ಕೆ ಒಂದು ಜನ ಇಲ್ಲ. ಒಳ್ಳೆ ಒಳ್ಳೆ ಶಬ್ದಗಳೆಲ್ಲ ದಂಡ!

ಆದ್ರೂ ಹೇಗೋ ಮುಗಿಸಿ ಏಳ್ತೀರಿ. ಒಳ್ಳೇದಾಯ್ತು. ಆದ್ರೆ ಚಿಲಕ ತೆಗೆಯುವಾಗ ಸ್ವಲ್ಪ ಜೋರಾಗಿಯೇ ತೆಗೀತೀರಲ್ಲ, ಅದು ಎಂತಕ್ಕೆ? ಅತ್ತೆಗೆ ಟೀವಿ ಸದ್ದಿನಲ್ಲಿ ಹೇಗೂ ಕೇಳುದಿಲ್ಲ ಮಾರಾಯ್ರೇ.